ಪಾಪಾಸುಕಳ್ಳಿಯ ಕೆಂಪು

ಕಳೆದ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಟೆರೇಸಿನ ಮೇಲೆ (ಇಲ್ಲಿನವರ ‘ಮೊಟ್ಟೈಮಾಡಿ’) ಗಿಡಗಳಿಗೆ ನೀರು ಹಾಕುತ್ತಿದ್ದೆ. ಮೂಲೆಯ ಕುಂಡದಲ್ಲಿರುವ ಪಾಪಾಸುಕಳ್ಳಿಯ ಮೇಲೆ ಅಲ್ಲಲ್ಲಿ ಬಿಳಿ ಬಿಳಿಯಾಗಿ ಏನೋ ಅಂಟಿತ್ತು. ಕೆಳಗಿನ ಮನೆಯವರು ಹಿಂದಿನ ದಿನ ದಿಂಬಿನ ಹತ್ತಿಯನ್ನು ಬಿಸಿಲಿಗೆ ಹರಡಿದ್ದರು. ಅದೇ ಹಾರಿ ಬಂದಿರಬೇಕು ಅಂದುಕೊಂಡು ಕಡ್ಡಿಯಿಂದ ತೆಗೆಯಲು ಹೋದೆ. ಬರಲಿಲ್ಲ. ಉಗುರಿನಲ್ಲಿ ಒತ್ತಿದೆ. ಬೆರಳೆಲ್ಲ ಕೆಂಪು! ಮುಳ್ಳು ಚುಚ್ಚಿ ರಕ್ತ ಬಂತು ಅಂತ ಗಾಬರಿಯಿಂದ ಕೈ ತೊಳೆದು ನೋಡಿದರೆ ಗಾಯವೇ ಇಲ್ಲ.

ಆಗ ನೆನಪಾದದ್ದು ಅಜ್ಜಿಯ ಮಾತು. “ಕಳ್ಳಿಗೆ ಬಿಳೇ ಬೂಷ್ಟು ಹಿಡೀತು ಕಣಪ್ಪ. ಒತ್ತಿದ್ರೆ ರಕ್ತ. ಎರಡು ಮಳೆಗಾಲ ಕಳೆಯೋದ್ರೊಳಗೆ ಬೇಲಿಗೆ ಬೇಲೀನೇ ಕೊಳೆತು ಹೋಯ್ತು.” ಚಿಕ್ಕವನಿದ್ದಾಗ ಇದನ್ನು ಅಜ್ಜಿ ಕಟ್ಟಿದ ಕಥೆ ಅಂದುಕೊಂಡಿದ್ದೆ. ಗಿಡದಲ್ಲಿ ರಕ್ತ ಎಲ್ಲಿಂದ ಬರಬೇಕು?

ಈ ಗಿಡ ನಮ್ಮ ಮನೆಗೆ ಬಂದ ಕಥೆಯನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ಪಾವಗಡದ ಕಡೆಯ ನಮ್ಮ ಹಳ್ಳಿಮನೆ ಮಾರಾಟವಾಯಿತು. ರಿಜಿಸ್ಟ್ರಾರ್ ಕಚೇರಿಯ ಕೆಲಸ ಮುಗಿಸಿ ಬಂದು ಹಿತ್ತಲಲ್ಲಿ ಕೊನೆಯದಾಗಿ ಒಂದು ಸುತ್ತು ಹಾಕುವಾಗ ಕುಸಿದ ಗೋಡೆಯ ಪಕ್ಕ ಒಂದು ಕಳ್ಳಿಯ ಪೊದೆ ಉಳಿದಿರುವುದು ಕಂಡಿತು. ತಮ್ಮಂದಿರು ಒರಳು, ಹಿತ್ತಾಳೆ ಕೊಳಗ ಹಂಚಿಕೊಂಡರು. ನಾನು ಅಂಗೈ ಅಗಲದ ಒಂದು ಕಳ್ಳಿಯ ಹಲಗೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಚೆನ್ನೈಗೆ ತಂದೆ. “ಹಿತ್ತಾಳೆ ಬಿಟ್ಟು ಮುಳ್ಳು ತಂದ್ರಾ?” ಎಂದಳು ಮಡದಿ. ಕೆಳಗಿನ ಮನೆಯ ಮಾಮಿಯದು ಬೇರೆ ಚಿಂತೆ: “ಸಾರ್, ಮುಳ್ಳುಚ್ಚೆಡಿ ವೀಟ್ಟುಲ ವೆಕ್ಕಕ್ಕೂಡಾದು.” ಮುಳ್ಳಿನ ಗಿಡ ಮನೆಯಲ್ಲಿ ಇಡಬಾರದಂತೆ. ಮನೆಯಲ್ಲಿ ಅಲ್ಲ ಮಾಮಿ, ಮನೆಯ ಮೇಲೆ ಇಟ್ಟಿದ್ದೇನೆ ಅಂತ ವಾದ ಮಾಡಿ ಗೆದ್ದೆ.

ಬೆಳೆಸುವುದು ಕಷ್ಟವೇನಲ್ಲ, ಆದರೆ ಆತುರಪಡಬಾರದು. ಕಿತ್ತ ಹಲಗೆಯನ್ನು ಹತ್ತು ದಿನ ನೆರಳಿನಲ್ಲಿ ಸುಮ್ಮನೆ ಬಿಡಬೇಕು. ಹಸಿ ಗಾಯಕ್ಕೆ ಒದ್ದೆ ಮಣ್ಣು ತಾಗಿದರೆ ಕೊಳೆಯುವುದು ಖಂಡಿತ. ಗಾಯ ಒಣಗಿ ಚರ್ಮ ಕಟ್ಟಿದ ಮೇಲೆ ಅರ್ಧ ದಪ್ಪ ಮರಳು, ಅರ್ಧ ಕೆಮ್ಮಣ್ಣು, ಒಂದಿಷ್ಟು ಇಟ್ಟಿಗೆ ಚೂರು ಬೆರೆಸಿದ ಕುಂಡದಲ್ಲಿ ನಿಲ್ಲಿಸಿ ಎರಡು ವಾರ ನೀರಿನ ಸುದ್ದಿಗೇ ಹೋಗಬಾರದು. ಚೆನ್ನೈನ ಬಿಸಿಲು ಈ ಗಿಡಕ್ಕೆ ಲೆಕ್ಕಕ್ಕಿಲ್ಲ. ಅದನ್ನು ಕೊಲ್ಲುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಇಲ್ಲಿನ ಮಳೆಗಾಲ. 2015ರ ಡಿಸೆಂಬರಿನಲ್ಲಿ ಊರೇ ಮುಳುಗಿದಾಗ ನಮ್ಮ ಕಳ್ಳಿ ನೀರಿನ ಟ್ಯಾಂಕಿನ ಕೆಳಗೆ ಬೆಚ್ಚಗಿತ್ತು. ಮೂರನೆಯ ವರ್ಷ ಹೂ ಬಿಟ್ಟಿತು. ರೇಷ್ಮೆಯಂಥ ನಿಂಬೆಹಳದಿ ಹೂ, ಬಾಡುವಾಗ ಕಿತ್ತಳೆಯ ಕಡೆಗೆ ತಿರುಗುತ್ತದೆ. ಹೂವಿನೊಳಗಿನ ಕೇಸರಗಳನ್ನು ಕಡ್ಡಿಯಿಂದ ಸವರಿದರೆ ಮೆಲ್ಲಗೆ ಒಳಕ್ಕೆ ಬಾಗುತ್ತವೆ, ಮುಟ್ಟಿದರೆ ಮುನಿಯ ಹಾಗೆ. ಮೊಮ್ಮಗಳು ಬಂದಾಗಲೆಲ್ಲ ಇದೇ ಆಟ. ದೊಡ್ಡ ಮುಳ್ಳಿಗೆ ಹೆದರಬೇಡಿ, ಅದು ಕಣ್ಣಿಗೆ ಕಾಣುತ್ತದೆ. ಅದರ ಬುಡದಲ್ಲಿರುವ ಸುಂಕಿನಂಥ ಸಣ್ಣ ಮುಳ್ಳಿಗೆ ಹೆದರಿ. ಅವು ಕೈಗೆ ಹೊಕ್ಕರೆ ಅಂಟುಪಟ್ಟಿ ಒತ್ತಿ ಕೀಳುವುದೇ ದಾರಿ.

ಇರಲಿ, ವಿಷಯಕ್ಕೆ ಬರುತ್ತೇನೆ. ಬೆರಳಿಗೆ ಹತ್ತಿದ ಆ ಕೆಂಪಿನ ಜಾಡು ಹಿಡಿದು ಹೊರಟವನಿಗೆ, ಅದರ ಅರ್ಧ ಕಥೆ ನಾನು ನಲವತ್ತು ವರ್ಷದಿಂದ ಓಡಾಡುತ್ತಿರುವ ಸೈದಾಪೇಟೆಯಲ್ಲೇ ನಡೆದಿದೆ ಅಂತ ಗೊತ್ತಾಯಿತು.

ಮೊದಲು ಹೆಸರು. ಪಾಪಾಸು ಅಂದರೆ ಚಪ್ಪಲಿ. ಪಾರಸಿಯ ‘ಪಾಪೋಶ್’ ನಮ್ಮಲ್ಲಿ ಪಾಪಾಸು ಆಯಿತು. ಪಾ ಎಂದರೆ ಕಾಲು, ಪೋಶ್ ಎಂದರೆ ಹೊದಿಕೆ. ಹಲಗೆಯ ಆಕಾರ ನೋಡಿದರೆ ಅಟ್ಟೆಯ ನೆನಪು ಬರುವುದು ಸಹಜವೇ. ತಮಿಳಿನಲ್ಲಿ ಇದೇ ಗಿಡ ‘ಸಪ್ಪಾತ್ತುಕ್ಕಳ್ಳಿ’. ಸಪ್ಪಾತ್ತು ಅಂದರೆ ಬೂಟು, ಪೋರ್ಚುಗೀಸರ ‘ಸಪಾತೊ’. ಮಾತಿನಲ್ಲಿ ಸವೆದು ಅದು ಸಪ್ಪಾತ್ತಿ ಆಗಿ, ಈಗಿನ ಹುಡುಗರು ತಿನ್ನುವ ಚಪಾತಿಯೇ ಅಂದುಕೊಂಡಿದ್ದಾರೆ. ಕನ್ನಡದವರೂ ತಮಿಳರೂ ಈ ಗಿಡಕ್ಕೆ ಕಾಲಿಗೆ ಹಾಕುವುದರ ಹೆಸರನ್ನೇ ಇಟ್ಟರು, ಇಬ್ಬರೂ ಹೆಸರನ್ನು ಹೊರಗಿನವರಿಂದ ಸಾಲ ತಂದರು. ಗಿಡವೂ ಹೊರಗಿನದೇ. ಮರಕ್ಕೆ ಜೋತುಬಿದ್ದು ಬೆಳೆಯುವ ಮುಳ್ಳಿಲ್ಲದ ಒಂದು ಜಾತಿಯನ್ನು ಬಿಟ್ಟರೆ ಕ್ಯಾಕ್ಟಸ್ ಕುಟುಂಬದ ಗಿಡಗಳೆಲ್ಲ ಅಮೆರಿಕ ಖಂಡಗಳವು. ಕೊಲಂಬಸ್‌ಗಿಂತ ಮುಂಚೆ ನಮ್ಮ ಬೇಲಿಯಲ್ಲಿ ಪಾಪಾಸುಕಳ್ಳಿ ಇರುವುದಕ್ಕೆ ಸಾಧ್ಯವೇ ಇರಲಿಲ್ಲ.

ಹಾಗಾದರೆ ನಮ್ಮ ಎಲೆಗಳ್ಳಿ, ಚದುರಗಳ್ಳಿ? ಅವು ಬೇರೆ ಕುಟುಂಬ. ಗೀರಿದರೆ ಹಾಲು ಸುರಿಯುತ್ತದೆ. ಪಾಪಾಸುಕಳ್ಳಿಯನ್ನು ಗೀರಿದರೆ ಲೋಳೆಯಂಥ ನೀರು. ಹಾಲಿದ್ದರೆ ನಮ್ಮದು, ನೀರಿದ್ದರೆ ಪರದೇಶಿ ಅಂತ ಲೆಕ್ಕ ಹಾಕಬಹುದೇನೋ ಅಂದುಕೊಂಡಿದ್ದೆ. ಅದೂ ತಪ್ಪಿತು. ಎಲ್ಲರ ಬಾಲ್ಕನಿಯಲ್ಲೂ ವರ್ಷವಿಡೀ ಕೆಂಪು ಹೂ ಬಿಡುವ ಮುಳ್ಳಿನ ಯುಫೋರ್ಬಿಯಾ ಇದೆಯಲ್ಲ, ಅದಕ್ಕೂ ಹಾಲಿದೆ, ಆದರೆ ಅದರ ತವರು ಮಡಗಾಸ್ಕರ್. ಬೂರ್ಬೋನ್ ದ್ವೀಪದ, ಅಂದರೆ ಈಗಿನ ರೀಯೂನಿಯನ್ನಿನ, ಫ್ರೆಂಚ್ ಗವರ್ನರ್ ಮಿಲಿಯಸ್ 1821ರಲ್ಲಿ ಅದನ್ನು ಫ್ರಾನ್ಸಿಗೆ ತಲುಪಿಸಿದನೆಂದು ‘ಮಿಲಿಐ’ ಅಂತ ಅವನ ಹೆಸರೇ ನಿಂತಿತು. ಮುಳ್ಳಿನ ಗಿಡಗಳಷ್ಟು ಊರು ಸುತ್ತಿದವು ಬೇರೆ ಇಲ್ಲ!

ಈಗ ಕೆಂಪಿಗೆ ಬರೋಣ. ನನ್ನ ಗಿಡದ ಮೇಲಿದ್ದದ್ದು ಬೂಷ್ಟೂ ಅಲ್ಲ, ಹತ್ತಿಯೂ ಅಲ್ಲ. ಒಂದು ಹುಳ. ಹೆಣ್ಣುಹುಳಕ್ಕೆ ರೆಕ್ಕೆಯಿಲ್ಲ. ಮರಿಯಿದ್ದಾಗ ಗಾಳಿಯಲ್ಲಿ ತೇಲಿ ಬಂದು ಹಲಗೆಗೆ ಕೊಕ್ಕು ಚುಚ್ಚಿ ಕೂತರೆ ಆಯಿತು, ಅಲ್ಲೇ ಹುಟ್ಟು, ಅಲ್ಲೇ ಸಾವು. ಮೈಮೇಲೆ ಮೇಣದ ಬಿಳಿ ಎಳೆಗಳ ಹೊದಿಕೆ, ಒಳಗೆಲ್ಲ ಕಡುಗೆಂಪು. ಈ ಕುಲದ ಹುಳಗಳಲ್ಲಿ ಉತ್ತಮ ಬಣ್ಣ ಕೊಡುವ ಜಾತಿಯನ್ನು ಮೆಕ್ಸಿಕೋದ ಒವಾಹಾಕ ಕಡೆಯ ಜನ ಕಳ್ಳಿಯ ತೋಟಗಳಲ್ಲಿ ಸಾಕುತ್ತಿದ್ದರು, ನಮ್ಮಲ್ಲಿ ರೇಷ್ಮೆ ಹುಳ ಸಾಕಿದಂತೆ. 1521ರಲ್ಲಿ ಸ್ಪೇನಿನವರು ಆ ನಾಡನ್ನು ಗೆದ್ದ ಮೇಲೆ ಒಣಗಿಸಿದ ಈ ಹುಳ, ಅಂದರೆ ಕೊಚಿನೀಲ್, ಯುರೋಪಿಗೆ ಹಡಗು ಹಡಗಾಗಿ ಹೋಯಿತು. ಅಲ್ಲಿಂದ ಹೊರಡುತ್ತಿದ್ದ ಸರಕಿನಲ್ಲಿ ಬೆಳ್ಳಿಯ ನಂತರದ ಸ್ಥಾನ ಇದರದ್ದೇ. ಒಂದು ಪೌಂಡಿಗೆ ಸುಮಾರು 70,000 ಹುಳ ಬೇಕು. ಸ್ಪೇನಿನವರು ಗುಟ್ಟನ್ನು ಎಷ್ಟು ಭದ್ರವಾಗಿ ಕಾಪಾಡಿದರೆಂದರೆ, ಇದು ಹುಳವೋ ಬೀಜವೋ ಅಂತ ಯುರೋಪಿನಲ್ಲಿ ಬಹಳ ಕಾಲ ಜಗಳವಾಡಿದರು.

ಗುಟ್ಟಿದ್ದ ಮೇಲೆ ಕಳ್ಳರೂ ಇರಬೇಕಲ್ಲ? 1777ರಲ್ಲಿ ತಿಯೆರಿ ದ ಮೆನೋವಿಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಒವಾಹಾಕಕ್ಕೆ ಹೋಗಿ ಹುಳವಿದ್ದ ಕಳ್ಳಿಗಳನ್ನು ಬೇರೆ ಗಿಡಗಳ ನಡುವೆ ಮುಚ್ಚಿಟ್ಟು ಕೆರಿಬಿಯನ್ನಿನ ಫ್ರೆಂಚ್ ವಸಾಹತಿಗೆ ಸಾಗಿಸಿದ. 1780ರಲ್ಲಿ ಅವನು ಸತ್ತ. ಅವನು ತಂದದ್ದರಲ್ಲಿ ಸಾಕಿದ ತಳಿ ನಾಶವಾಗಿ, ಕಳಪೆ ಬಣ್ಣದ ಕಾಡುಹುಳ ಮಾತ್ರ ಉಳಿಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮದ್ರಾಸಿನಲ್ಲೂ ಇದೇ ಹಣೆಬರಹ.

ಈಸ್ಟ್ ಇಂಡಿಯಾ ಕಂಪನಿಗೂ ಈ ಕೆಂಪು ಬೇಕಿತ್ತು. ಬ್ರಿಟಿಷ್ ಸೇನೆಯ ಅಧಿಕಾರಿಗಳ ಕೋಟಿನ ಕಡುಗೆಂಪಿಗೆ ಸ್ಪೇನಿನವರಿಗೆ ದುಡ್ಡು ಸುರಿಯಬೇಕಾಗಿತ್ತು. ಮದ್ರಾಸಿನಲ್ಲಿ ಕಂಪನಿಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಎಂಬ ಸ್ಕಾಟ್ಲೆಂಡಿನವನಿಗೆ 1786ರಲ್ಲಿ ಇಲ್ಲಿನ ಒಂದು ಹುಲ್ಲಿನ ಮೇಲೆ ಕೆಂಪು ಬಿಡುವ ಹುಳ ಕಂಡಿತು. ಸಿಕ್ಕಿತು ಬಂಗಾರದ ಗಣಿ ಅಂತ ಲಂಡನ್ನಿನ ಜೋಸೆಫ್ ಬ್ಯಾಂಕ್ಸನಿಗೆ ಕಾಗದದ ಮೇಲೆ ಕಾಗದ ಬರೆದ. ಆ ಕಾಗದಗಳು ಪುಸ್ತಕವಾಗಿ ಅಚ್ಚಾದವು ಕೂಡ. ಅದು ಬೇರೆ ಹುಳ, ಬಣ್ಣಕ್ಕೆ ಬಾರದು ಅಂತ ತಿಳಿದ ಮೇಲೂ ಆಸಾಮಿ ಸುಮ್ಮನಾಗಲಿಲ್ಲ. ನಿಜವಾದ ಹುಳ ಎಂದಾದರೂ ಬಂದೇ ಬರುತ್ತದೆ, ಬಂದಾಗ ಅದಕ್ಕೆ ಮೇವು ಬೇಡವೇ? ಹಾಗಂತ ಮದ್ರಾಸಿನ ಹೊರಗೆ ಸೈದಾಪೇಟೆಯಲ್ಲಿ ಕಂಪನಿಯ ಖರ್ಚಿನಲ್ಲಿ ಒಂದು ಕಳ್ಳಿಯ ತೋಟವೇ ಎದ್ದಿತು. ಉಸ್ತುವಾರಿ ಅವನ ಸೋದರಳಿಯ ಆಂಡ್ರೂ ಬೆರಿಯದು. ಕಳ್ಳಿಗೆ ಮೆಕ್ಸಿಕೋದಲ್ಲಿ ನೊಪಾಲ್ ಎನ್ನುತ್ತಾರಾದ್ದರಿಂದ ತೋಟದ ಹೆಸರು ‘ನೊಪಾಲ್ರಿ’.

ಒಮ್ಮೆ ಯೋಚಿಸಿ ನೋಡಿ. ಈಗ ಮರೈಮಲೈ ಅಡಿಗಳ್ ಸೇತುವೆ ಇರುವ ಕಡೆ, ಅಡ್ಯಾರ್ ನದಿಯ ಆಸುಪಾಸಿನಲ್ಲಿ, ದೇಶದೇಶದಿಂದ ತರಿಸಿದ ಕಳ್ಳಿಗಳನ್ನು ಸಾಲಾಗಿ ನೆಟ್ಟು, ನೀರು ಹಾಕಿ, ಕಳೆ ಕಿತ್ತು, ಇನ್ನೂ ಬರದ ಹುಳಕ್ಕಾಗಿ ವರ್ಷಗಟ್ಟಲೆ ಕಾದಿದ್ದಾರೆ! ದಿನಾ ಕೆಲಸಕ್ಕೆ ಹೋಗುವಾಗ ಆ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿ ಗೊಣಗಿದ್ದೇನೆ. ಅಲ್ಲೇ ಒಂದು ಕಾಲಕ್ಕೆ ಕಳ್ಳಿಯ ತೋಟವಿತ್ತೆಂದು ಯಾರೂ ಹೇಳಿರಲಿಲ್ಲ. ತೋಟದ ಗುರುತು ಒಂದೂ ಉಳಿದಿಲ್ಲ. ಆಂಡರ್ಸನ್ನನ ಶಿಲ್ಪ ಮಾತ್ರ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿದೆ, ಲಂಡನ್ನಿನ ಚಾಂಟ್ರಿ ಕೆತ್ತಿದ್ದು.

ಕೊನೆಗೂ 1795ರಲ್ಲಿ ಹುಳ ಬಂತು. ಕ್ಯಾಪ್ಟನ್ ನೀಲ್ಸನ್ ಎಂಬ ಸೇನಾಧಿಕಾರಿ ಬ್ರೆಜಿಲ್‌ನ ರಿಯೋದಲ್ಲಿ ಹಡಗು ನಿಂತಾಗ ಹುಳ ಕೂತ ಕಳ್ಳಿಗಳನ್ನು ಹತ್ತಿಸಿಕೊಂಡು ಕಲ್ಕತ್ತೆಗೆ ತಂದ. ಸಮುದ್ರಯಾನದಲ್ಲಿ ಬದುಕಿ ಉಳಿದವು ಕೆಲವೇ. ರಾಕ್ಸ್‌ಬರೋ ನೋಡಿಕೊಳ್ಳುತ್ತಿದ್ದ ಅಲ್ಲಿನ ಸಸ್ಯೋದ್ಯಾನದಲ್ಲಿ ಅವನ್ನು ಬಿಟ್ಟರು. ವಿಚಿತ್ರವೆಂದರೆ, ಅವುಗಳಿಗಾಗಿಯೇ ಬೆಳೆಸಿದ ಮೆಕ್ಸಿಕೋ ತಳಿಯ ಕಳ್ಳಿಯನ್ನು ಅವು ಮೂಸಿಯೂ ನೋಡಲಿಲ್ಲ. ನಮ್ಮ ಬೇಲಿಗಳಲ್ಲಿ ಆಗಲೇ ಬೇರೂರಿದ್ದ ಒಂದು ಜಾತಿಯ ಪಾಪಾಸುಕಳ್ಳಿಯ ಮೇಲೆ ಕೂತದ್ದೇ ತಡ, ಹೆಚ್ಚಿದವು. ಮದ್ರಾಸಿಗೂ ಬಂದವು. ಆಂಡರ್ಸನ್ನನಿಗೆ ಹಬ್ಬ. ಆದರೆ ಬಂದದ್ದು ಮೆಕ್ಸಿಕೋದ ಸಾಕಿದ ಹುಳ ಅಲ್ಲ, ಅದರ ಕಾಡು ದಾಯಾದಿ. ಸಾಕಿದ ಹುಳದ ಮೈಮೇಲೆ ಹಿಟ್ಟು ಉದುರಿಸಿದಷ್ಟು ಪುಡಿ ಇದ್ದರೆ ಇದಕ್ಕೆ ದಪ್ಪ ಹತ್ತಿಯ ಹೊದಿಕೆ. ಬಣ್ಣ ಕಡಿಮೆ, ಬೆಲೆಯೂ ಕಡಿಮೆ. ಬಣ್ಣ ಕೊಡುವುದಕ್ಕಿಂತ ಕಳ್ಳಿ ತಿನ್ನುವುದೇ ಅದರ ಮುಖ್ಯ ಕಸುಬು. ಕಂಪನಿಯ ಉತ್ಸಾಹ ಬೇಗನೆ ಇಳಿಯಿತು.

ತಪ್ಪು ಹುಳ ಬಂತು, ನಷ್ಟವಾಯಿತು, ಮುಗಿಯಿತು ಅಂತ ಕಂಪನಿ ಲೆಕ್ಕದ ಪುಸ್ತಕ ಮುಚ್ಚಬಹುದು. ಹುಳಕ್ಕೆ ಪುಸ್ತಕ ಮುಚ್ಚಿದ್ದು ಗೊತ್ತಾಗಬೇಕಲ್ಲ? ಅದು ಬೇಲಿಯಿಂದ ಬೇಲಿಗೆ ನಡೆಯಿತು. ಆ ಕಾಲದಲ್ಲಿ ಮುಳ್ಳುಬೇಲಿ ಎಂದರೆ ಈಗಿನ ಕಾಂಪೌಂಡಿನಂತಲ್ಲ. 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಬಿದ್ದಾಗ ಮೊದಲು ದಾಟಬೇಕಾದದ್ದು ಊರಿನ ಸುತ್ತಲಿನ ದಟ್ಟ ಮುಳ್ಳಿನ ಬೇಲಿಯನ್ನೇ. ಮುಂದೆ ಬ್ರಿಟಿಷರೇ ಉತ್ತರ ಭಾರತದಲ್ಲಿ ಉಪ್ಪಿನ ಸುಂಕಕ್ಕಾಗಿ 10ರಿಂದ 14 ಅಡಿ ಎತ್ತರ, 6ರಿಂದ 12 ಅಡಿ ದಪ್ಪದ ಜೀವಂತ ಬೇಲಿ ಬೆಳೆಸಿದರು. ಜಾಲಿ, ಬೋರೆ, ಕವಳಿಯ ಜೊತೆಗೆ ಅದರಲ್ಲಿ ಪಾಪಾಸುಕಳ್ಳಿಯೂ ಇತ್ತು. 1879ರಲ್ಲಿ ಅದನ್ನು ಕೈಬಿಟ್ಟರು. ಇನ್ನು ರೈತನ ಹೊಲಕ್ಕೆ? ನೆಟ್ಟರೆ ಸಾಕು, ಕಾಸಿಲ್ಲದೆ ಬೆಳೆಯುವ ಬೇಲಿ ಇದೊಂದೇ.

ಆದರೆ ಕಳ್ಳಿ ಬೇಲಿಯಲ್ಲೇ ನಿಲ್ಲುವ ಗಿಡವಲ್ಲ. ಹಲಗೆ ಬಿದ್ದಲ್ಲಿ ಬೇರು ಬಿಟ್ಟು, ಹಣ್ಣು ತಿಂದ ಹಕ್ಕಿ ಹಿಕ್ಕೆ ಹಾಕಿದಲ್ಲಿ ಮೊಳೆತು ಹೊಲ, ಗೋಮಾಳ ಎಲ್ಲ ನುಂಗತೊಡಗಿತು. ಆಗ ಯಾರಿಗೋ ಹೊಳೆಯಿತು: ಆ ಕೆಲಸಕ್ಕೆ ಬಾರದ ಹುಳ ಕಳ್ಳಿ ತಿನ್ನುತ್ತದಲ್ಲ! 1836ರಿಂದ 1838ರ ನಡುವೆ ಅದನ್ನು ಬೇಕೆಂದೇ ದಕ್ಷಿಣಕ್ಕೆ ತಂದು ಬಿಟ್ಟರು. 1860ರ ದಶಕದಲ್ಲಿ ಸಿಂಹಳಕ್ಕೆ. ಕಳೆಯನ್ನು ಹುಳ ಬಿಟ್ಟು ತಿನ್ನಿಸುವ ವಿದ್ಯೆಗೆ ಜಗತ್ತಿನಲ್ಲೇ ಮೊದಲ ಉದಾಹರಣೆಯಾಗಿ ಪಠ್ಯಪುಸ್ತಕಗಳು ಕೊಡುವುದು ಇದನ್ನೇ. ಬಣ್ಣಕ್ಕೆಂದು ತಂದದ್ದು ಬಣ್ಣ ಕೊಡಲಿಲ್ಲ, ಕೊಲ್ಲುವುದಕ್ಕೆ ಬಂತು. ಇತ್ತ 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ಪರ್ಕಿನ್ ಟಾರಿನ ಎಣ್ಣೆಯಿಂದ ಕೃತಕ ಬಣ್ಣ ಮಾಡಿದ್ದೇ, ಕೆಲವು ದಶಕಗಳಲ್ಲಿ ಕೊಚಿನೀಲ್ ವ್ಯಾಪಾರವೂ ಕುಸಿಯಿತು. (ಈಗ ತಿನಿಸಿನ ಬಣ್ಣಕ್ಕೆ, ಲಿಪ್‌ಸ್ಟಿಕ್ಕಿಗೆ ಅದು ಮತ್ತೆ ಬಂದಿದೆ. ಪೊಟ್ಟಣದ ಮೇಲೆ ಇ 120 ಅಂತಿದ್ದರೆ ಸಸ್ಯಾಹಾರಿಗಳು ಒಮ್ಮೆ ಯೋಚಿಸಿ.)

ಕಥೆ ಇಲ್ಲಿಗೆ ಮುಗಿದಿದ್ದರೆ ಅಜ್ಜಿಯ ಕಾಲಕ್ಕೆ ಏನೂ ಉಳಿಯುತ್ತಿರಲಿಲ್ಲ. ಮೊದಲ ಹುಳಕ್ಕೆ ಒಂದು ಜಾತಿಯ ಕಳ್ಳಿ ಮಾತ್ರ ರುಚಿ. ಅದು ಖಾಲಿಯಾದ ಜಾಗಕ್ಕೆ ಹಳದಿ ಹೂವಿನ, ಕೆನ್ನೀಲಿ ಹಣ್ಣಿನ ಇನ್ನೊಂದು ಜಾತಿ ಹಬ್ಬಿತು. ನಮ್ಮ ಕುಂಡದಲ್ಲಿರುವುದು ಅದೇ. ಇದನ್ನು ಆ ಹುಳ ಮುಟ್ಟುತ್ತಿರಲಿಲ್ಲ. ಮತ್ತೆ ಅದೇ ಗೋಳು. ಆಸ್ಟ್ರೇಲಿಯದವರು ಆ ಹೊತ್ತಿಗೆ ಕಳ್ಳಿಯ ಕಾಟಕ್ಕೆ ದೇಶದೇಶ ಸುತ್ತಿ ಹುಳ ಹುಡುಕುತ್ತಿದ್ದರು. ಅಲ್ಲಿಗೂ ಮೊದಲ ಕಳ್ಳಿ ಹೋದದ್ದು 1788ರಲ್ಲಿ, ಇದೇ ಕೆಂಪು ಬಣ್ಣದ ಆಸೆಗೆ! ಅವರ ಹತ್ತಿರವಿದ್ದ, ಅಮೆರಿಕ ಮೂಲದ ಇನ್ನೊಂದು ಜಾತಿಯ ಹುಳ ಸಿಂಹಳಕ್ಕೆ ಬಂತು. ಅಲ್ಲಿಂದ 1926ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ. ಐದಾರು ವರ್ಷಗಳಲ್ಲಿ ದಕ್ಷಿಣದಲ್ಲಿ ಸುಮಾರು 40,000 ಹೆಕ್ಟೇರ್ ನೆಲದ ಕಳ್ಳಿ ಹೇಳಹೆಸರಿಲ್ಲದಂತಾಯಿತು.

ಪಾವಗಡ ಆಗ ಮೈಸೂರು ಸಂಸ್ಥಾನದಲ್ಲಿದ್ದರೂ ಬಹುಪಾಲು ಸುತ್ತಲೂ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಹುಳ ಸರಹದ್ದಿನಲ್ಲಿ ಯಾರ ಅಪ್ಪಣೆ ಕೇಳುತ್ತದೆ? ಅಜ್ಜಿ ಹೊಸದಾಗಿ ಸೊಸೆಯಾಗಿ ಬಂದ ಕಾಲ ಅದು.

ಈ ವಿಷಯದಲ್ಲಿ ಅಜ್ಜ ಅಜ್ಜಿಗೆ ಕೊನೆಯವರೆಗೂ ಒಮ್ಮತ ಬರಲಿಲ್ಲ. ಅಜ್ಜ ಹೇಳುತ್ತಿದ್ದದ್ದು, “ಪೀಡೆ ತೊಲಗ್ತು. ಎರಡು ಎಕರೆ ಹೊಲ ವಾಪಸ್ ಬಂತು, ಹಾವಿನ ಕಾಟ ತಪ್ತು.” ಅಜ್ಜಿಗೆ ಆ ಎರಡು ಎಕರೆ ಲೆಕ್ಕಕ್ಕೇ ಇರಲಿಲ್ಲ. “ಹೊಲ ಇವರಿಗೆ ಬಂತು, ಬೇಲಿ ನನಗೆ ಹೋಯ್ತು” ಎನ್ನುತ್ತಿದ್ದರು. ಕಳ್ಳಿ ಕೊಳೆತ ಮೇಲೆ ಹಿತ್ತಲಿಗೆ ಮೇಕೆ ನುಗ್ಗತೊಡಗಿದವು. ವರ್ಷಾ ವರ್ಷಾ ಜಾಲಿಮುಳ್ಳು ಕಡಿದು, ಹೊತ್ತು ತಂದು ಬೇಲಿ ಕಟ್ಟುವ ಕೆಲಸ ಹೆಂಗಸರ ಪಾಲಿಗೆ ಬಂತು. ಹಣ್ಣೂ ಹೋಯಿತು. ಮುಳ್ಳನ್ನು ನೆಲಕ್ಕೆ ತಿಕ್ಕಿ, ನಡುವಿನದನ್ನು ತೆಗೆದು, ನಾಲಿಗೆ ಕೆಂಪಾಗುವಂತೆ ತಿನ್ನುತ್ತಿದ್ದ ಹಣ್ಣು. ಅವರ ಅತ್ತೆ ಧಾತು ಈಶ್ವರ ಸಂವತ್ಸರದ ಬರದ ಕಥೆ ಹೇಳುವಾಗ, ಹುಲ್ಲಿಲ್ಲದೆ ಕಳ್ಳಿಯ ಮುಳ್ಳು ಸುಟ್ಟು ದನಕ್ಕೆ ಹಾಕಿದ್ದನ್ನು ತಪ್ಪದೆ ಹೇಳುತ್ತಿದ್ದರಂತೆ. ಬರ 1876ರಿಂದ 1878ರದ್ದು. ಅದೇ ದಶಕದಲ್ಲಿ ಸರ್ಕಾರ ಸೌದೆಗೆಂದು ತಂದು ಬಿತ್ತಿದ ಇನ್ನೊಂದು ಪರದೇಶಿ ಮುಳ್ಳು ಬಳ್ಳಾರಿ ಜಾಲಿ. ಈಗ ಪಾವಗಡದ ಕಡೆ ಎಲ್ಲಿ ನೋಡಿದರೂ ಅದೇ. ಅದನ್ನು ತಿನ್ನುವ ಹುಳ ಯಾರೂ ತಂದಿಲ್ಲ.

ನನಗೆ ಅನ್ನಿಸುವುದು, ಇಬ್ಬರದೂ ಸರಿಯೇ. ಆದರೆ 40,000 ಹೆಕ್ಟೇರ್ ಅಂತ ಬರೆದಿಟ್ಟವರು ಅಜ್ಜನನ್ನು ಮಾತ್ರ ಕೇಳಿದ್ದಾರೆ.

ಮತ್ತೆ ನಮ್ಮ ಟೆರೇಸಿಗೆ. ಇಷ್ಟೆಲ್ಲ ತಿಳಿದ ಮೇಲೆ ಹುಳವನ್ನು ಕೊಲ್ಲುವುದೋ ಬಿಡುವುದೋ? ಮನೆ ಮಾರಿದ ಮೇಲೆ ಊರಿನದು ಅಂತ ನನ್ನ ಹತ್ತಿರ ಉಳಿದಿರುವುದು ಇದೊಂದೇ. ಬಿಟ್ಟರೆ ಅಜ್ಜಿ ಹೇಳಿದ ಎರಡು ಮಳೆಗಾಲವೂ ಬೇಕಾಗಿರಲಿಲ್ಲ. ಔಷಧಿ ಹೊಡೆಯಲಿಲ್ಲ. ಪೈಪಿನ ಬಾಯಿಗೆ ಬೆರಳು ಅಡ್ಡವಿಟ್ಟು ಜೋರಾಗಿ ನೀರು ಚಿಮ್ಮಿಸಿದೆ, ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೋಪಿನ ನೀರು ಹಚ್ಚಿ ಒಂದೊಂದಾಗಿ ತಿಕ್ಕಿದೆ. ವಾರಕ್ಕೊಮ್ಮೆ, ಎರಡು ತಿಂಗಳು. ತೀರಾ ಹಾಳಾದ ಎರಡು ಹಲಗೆ ಕಿತ್ತು ಬೇರೆ ಇಟ್ಟೆ. ಗಿಡ ಬದುಕಿದೆ, ಈ ಸಲ ನಾಲ್ಕು ಮೊಗ್ಗು.

ಕಿತ್ತ ಹಲಗೆಯ ಹುಳಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಬಿಸಿಲಿಗೆ ಒಣಗಿಸಿದೆ. ಒಂದು ಚಮಚದಷ್ಟಾಯಿತು. ಹಳೆಯ ಪಾತ್ರೆಯಲ್ಲಿ ಪಟಿಕದ ಜೊತೆ ಕುದಿಸಿ, ಹರಿದ ಪಂಚೆಯ ತುಂಡು ಅದ್ದಿದೆ. ಪಾತ್ರೆಯಲ್ಲಿದ್ದಾಗ ಕುಂಕುಮದ ನೀರಿನಂತೆ ಜೋರಾಗಿಯೇ ಇತ್ತು. ಒಣಗಿದ ಮೇಲೆ ನೋಡಿದರೆ ಬೀಟ್‌ರೂಟ್ ಪಲ್ಯದ ಕಲೆಯಂಥ ಪೇಲವ ಗುಲಾಬಿ. ಕಂಪನಿಯವರೂ ಇದನ್ನೇ ನೋಡಿ ಮುಖ ಸಿಂಡರಿಸಿರಬೇಕು. ನಾನು ಸೈದಾಪೇಟೆ, ಆಂಡರ್ಸನ್ ಅಂತ ಇತಿಹಾಸ ಶುರುಮಾಡುವುದರೊಳಗೆ ಮಡದಿ ಅದನ್ನು ತೆಗೆದುಕೊಂಡು ಹೋಗಿ ಒಲೆ ಒರೆಸುವ ಬಟ್ಟೆ ಮಾಡಿಕೊಂಡಿದ್ದಾಳೆ.